ವಯಸ್ಸಾದ ಹೋರಿ, ವಯಸ್ಸಾದ ಎತ್ತು: ಸ್ವಭಾವವನ್ನರಿತು ಸಾಕುವ ಬಗೆ

ಭಾಲ್ಕಿ, ಔರಾದ ಕಡೆಯ ತೊಗರಿ, ಹೆಸರು, ಉದ್ದು, ಕಡಲೆಗಳು ಒಂದು ಕಾಲಕ್ಕೆ ಬೀದರಿನ ಗಾಂಧಿ ಗಂಜಕ್ಕೆ ಎತ್ತಿನ ಬಂಡಿಗಳಲ್ಲಿಯೇ ಬರುತ್ತಿದ್ದವು. ಇಂದು ಆ ಕೆಲಸವನ್ನು ಬಹುಮಟ್ಟಿಗೆ ಟ್ರ್ಯಾಕ್ಟರು, ಟೆಂಪೋಗಳು ವಹಿಸಿಕೊಂಡಿವೆ. ಗಂಜದಂತಹ ಜಾಗ ಎತ್ತಿನ ಸ್ವಭಾವಕ್ಕೆ ಒಂದು ಪರೀಕ್ಷೆಯೇ ಸರಿ. ಲಾರಿಯ ಹಾರ್ನು, ಹಮಾಲರ ಕೂಗು, ಬೆನ್ನ ಹಿಂದೆ ಧೊಪ್ಪೆಂದು ಬೀಳುವ ಚೀಲ ಇವುಗಳ ನಡುವೆ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತ ನಿಲ್ಲುವ ಎತ್ತಿನ ಬೆಲೆ ಬಲ್ಲವರಿಗೇ ಗೊತ್ತು.

ದನದ ಸಂತೆಯಲ್ಲಿ ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಅನಂತರ "ಹಾಯ್ತದೇನ್ರಿ?" ಎಂದು ಕೇಳುತ್ತಾರೆ. "ಇಲ್ರಿ, ಕೂಸಿನ್ಹಂಗ ಅದ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಾರುವವರು ಸುಳ್ಳು ಹೇಳುತ್ತಾರೆಂದಲ್ಲ. ಆ ದಿನದ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುವುದೇ ತಪ್ಪು. ಹಲ್ಲಿಗೂ ಹಾಯುವುದಕ್ಕೂ ಸಂಬಂಧವಿದೆ. ದನದ ಸ್ವಭಾವ ವಯಸ್ಸಿನೊಂದಿಗೆ ಬದಲಾಗುತ್ತದೆ, ಮತ್ತು ಬೀಜದ ಹೋರಿಯಲ್ಲಿ ಒಂದು ದಿಕ್ಕಿಗೆ, ಬೀಜ ಒಡೆಸಿದ ಎತ್ತಿನಲ್ಲಿ ಅದಕ್ಕೆ ವಿರುದ್ಧ ದಿಕ್ಕಿಗೆ ಬದಲಾಗುತ್ತದೆ. ಹೋರಿಗೆ ವಯಸ್ಸಾದಂತೆ ಅಪಾಯ ಹೆಚ್ಚು. ಎತ್ತಿಗೆ ವಯಸ್ಸಾದಂತೆ ಶಾಂತಿ ಹೆಚ್ಚು. ಆದ್ದರಿಂದ ಮುದಿ ಎತ್ತು ಇದ್ದಕ್ಕಿದ್ದಂತೆ ಹಾಯತೊಡಗಿದರೆ ಅದನ್ನು ಸೊಕ್ಕು ಎಂದು ತಿಳಿಯದೆ ಎಲ್ಲಿಯೋ ನೋವಿದೆ ಎಂದು ತಿಳಿಯಬೇಕು. ಮನೆಯಲ್ಲಿ ಹೋರಿ ಅಥವಾ ಎತ್ತು ಇರುವ ಪ್ರತಿಯೊಬ್ಬರೂ ಇದನ್ನು ಅರಿತಿರುವುದು ಅವಶ್ಯ.

ನಮ್ಮ ಭಾಗದ ತಳಿಗಳು

ಬೀದರ ಜಿಲ್ಲೆಯ ಸ್ವಂತ ತಳಿ ದೇವಣಿ. ಗಡಿಯಾಚೆಗಿನ ಲಾತೂರ ಜಿಲ್ಲೆಯ ದೇವಣಿ ಊರಿನಿಂದ ಇದಕ್ಕೆ ಈ ಹೆಸರು ಬಂದಿದೆ. ಬಣ್ಣದ ಮೇಲಿಂದ ಬಾಳಂಕ್ಯಾ, ವಾನೇರಾ, ಶೇವರಾ ಎಂದು ಮೂರು ಬಗೆಗಳನ್ನು ಗುರುತಿಸುತ್ತಾರೆ. ಮೈಯೆಲ್ಲ ಬಿಳಿಯಾಗಿದ್ದು ಮುಖದ ಪಕ್ಕಗಳು ಕಪ್ಪಾಗಿದ್ದರೆ ವಾನೇರಾ. ಬಿಳಿಯ ಮೈಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆಗಳಿದ್ದರೆ ಶೇವರಾ. ಹೊಟ್ಟೆಯ ಕೆಳಭಾಗದಲ್ಲಿ ಮಾತ್ರ ಮಚ್ಚೆಗಳಿದ್ದರೆ ಬಾಳಂಕ್ಯಾ. ದೇವಣಿಯ ಕೊಂಬು ಮಧ್ಯಮ ಗಾತ್ರದ್ದು, ಹೊರಕ್ಕೂ ಮೇಲಕ್ಕೂ ಬಾಗಿದ್ದು, ತುದಿ ಮೊಂಡು. ಸ್ವಭಾವವೂ ಸಾಮಾನ್ಯವಾಗಿ ಸೌಮ್ಯ. ಆದರೆ ಬಲಿತ ದೇವಣಿ ಹೋರಿ 500 ಕಿಲೋಗ್ರಾಮಿಗೂ ಮೀರಿ ತೂಗಬಲ್ಲದು. ಅಷ್ಟು ಭಾರದ ಪ್ರಾಣಿ ಗೋಡೆಗೆ ಒತ್ತಿದರೆ ಕೊಂಬು ಮೊಂಡಾಗಿದ್ದೂ ಪ್ರಯೋಜನವಿಲ್ಲ. ತಲೆಯಿಂದ ಒತ್ತಿಯೇ ಎದೆಯ ಎಲುಬು ಮುರಿಯುತ್ತದೆ.

ಸೊಲ್ಲಾಪುರ, ವಿಜಯಪುರ ಕಡೆಯ ಖಿಲ್ಲಾರಿ ಜೋಡಿ ಕಟ್ಟುವವರು ಇನ್ನೊಂದು ಮಾತನ್ನು ಗಮನಿಸಬೇಕು. ಖಿಲ್ಲಾರಿಯ ಕೊಂಬು ಉದ್ದ. ಹಣೆಯಿಂದ ಹಿಂದಕ್ಕೆ ಹೋಗಿ ಬಿಲ್ಲಿನಂತೆ ಮೇಲಕ್ಕೆ ಬಾಗಿ ಚೂಪಾಗಿ ಮುಗಿಯುತ್ತದೆ. ತಲೆ ಎತ್ತಿ ನಿಂತಾಗ ತುದಿ ಹಿಂದೆ ಇರುವುದರಿಂದ ಅಪಾಯ ಕಾಣುವುದಿಲ್ಲ. ಗದ್ದವನ್ನು ಎದೆಗೆ ಎಳೆದುಕೊಂಡು ತಲೆ ತಗ್ಗಿಸಿದರೆ ಅದೇ ತುದಿ ನೇರವಾಗಿ ಮುಂದಕ್ಕೆ ಬರುತ್ತದೆ. ಹಳೆಯ ಮೈಸೂರಿನ ಹಳ್ಳಿಕಾರ, ಅಮೃತಮಹಲ ತಳಿಗಳ ಕೊಂಬೂ ಇದೇ ಬಗೆಯದು. ಅಮೃತಮಹಲ ದನಗಳು ಕಾವಲುಗಳಲ್ಲಿ ಮನುಷ್ಯರ ಕೈ ಹೆಚ್ಚು ಸೋಕದೆ ಬೆಳೆದವು. ಅಪರಿಚಿತರನ್ನು ಹತ್ತಿರ ಸೇರಿಸದ ಅವುಗಳ ಗುಣಕ್ಕೆ ರಕ್ತದಷ್ಟೇ ಈ ಸಾಕಣೆಯೂ ಕಾರಣ. ಅಂದರೆ ಸ್ವಭಾವ ಕೇವಲ ತಳಿಯಿಂದ ಬರುವುದಿಲ್ಲ, ಕರುವಿದ್ದಾಗ ಸಾಕಿದ ರೀತಿಯಿಂದಲೂ ಬರುತ್ತದೆ.

ಆದರೆ ಇದರ ಅರ್ಥ ಮುದ್ದು ಮಾಡಿ ಸಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದಲ್ಲ.

ಹೋರಿ: ಮುದ್ದಿನ ಕರುವೇ ಹೆಚ್ಚು ಅಪಾಯಕಾರಿ

ತಾಯಿ ಸತ್ತ ಗಂಡು ಕರುವನ್ನು ಮನೆಯವರು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸುತ್ತಾರೆ. ಅದು ಅಂಗಳದಲ್ಲಿ ಒಂಟಿಯಾಗಿ ಬೆಳೆಯುತ್ತದೆ. ಮಕ್ಕಳು ಅದರ ಹಣೆಗೆ ಕೈಯೊತ್ತಿ ನೂಕಾಡುತ್ತಾರೆ, ಅದೂ ತಿರುಗಿ ನೂಕುತ್ತದೆ, ಎಲ್ಲರೂ ನಗುತ್ತಾರೆ. ಈ ಆಟವನ್ನು ಮೊದಲ ದಿನವೇ ನಿಲ್ಲಿಸಬೇಕು. ಹಣೆಗೆ ಹಣೆ ಒತ್ತುವುದು ಹೋರಿಗಳಲ್ಲಿ ಯಾರು ಮೇಲು ಎಂದು ತೀರ್ಮಾನಿಸುವ ಕ್ರಮ. ಬೇರೆ ಕರುಗಳ ಜೊತೆ ಬೆಳೆದ ಕರು ಈ ಬಲಪರೀಕ್ಷೆಯನ್ನು ತನ್ನ ಜಾತಿಯವರೊಂದಿಗೆ ಮಾಡುತ್ತದೆ. ಒಂಟಿಯಾಗಿ ಬೆಳೆದ ಕರು ಮನುಷ್ಯರನ್ನೇ ತನ್ನ ಹಿಂಡೆಂದು ತಿಳಿದು, ಬಲಿತ ಮೇಲೆ ಅವರೊಂದಿಗೇ ಪರೀಕ್ಷೆಗೆ ನಿಲ್ಲುತ್ತದೆ. ಅಮೆರಿಕದಲ್ಲಿ ಹೆರಿಫೋರ್ಡ್ ತಳಿಯ ಹೋರಿಗರುಗಳ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೈಯಲ್ಲಿ ಹಾಲು ಕುಡಿಸಿ ಒಂಟಿಯಾಗಿ ಇಟ್ಟ ಕರುಗಳು ಗುಂಪಿನಲ್ಲಿ ಬೆಳೆದವುಗಳಿಗಿಂತ ಮನುಷ್ಯರ ಮೇಲೆ ಹೆಚ್ಚು ಏರಿ ಬಂದುದು ಕಂಡುಬಂದಿತು. ಆದ್ದರಿಂದ ತಬ್ಬಲಿ ಗಂಡುಕರುವನ್ನು ಆದಷ್ಟು ಬೇಗ ಇತರ ಕರುಗಳ ಜೊತೆ ಬಿಡುವುದು ಯೋಗ್ಯ. ಮೈದಡವುವುದಿದ್ದರೆ ಕುತ್ತಿಗೆ, ಗಂಗೆದೊಗಲು ತುರಿಸಿರಿ, ಹಣೆಯನ್ನು ಮುಟ್ಟಬೇಡಿರಿ.

ನಮ್ಮ ನಾಟಿ ತಳಿಗಳಲ್ಲಿ ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ ಎರಡು ಹಲ್ಲು ಬರುತ್ತವೆ. ನಾಲ್ಕೂವರೆ, ಐದು ವರ್ಷಕ್ಕೆ ಬಾಯಿಗೂಡುತ್ತದೆ. ಈ ಅವಧಿಯಲ್ಲಿಯೇ ಹೋರಿಯ ಕುತ್ತಿಗೆ ದಪ್ಪವಾಗಿ, ಇಣಿ ಎದ್ದು, ನಡಿಗೆಯಲ್ಲಿ ಗತ್ತು ಬರುತ್ತದೆ. ಸ್ವಭಾವದ ಬದಲಾವಣೆಯೂ ಇಲ್ಲಿಂದಲೇ ಶುರು. ಎರಡು ಹಲ್ಲಿನಲ್ಲಿ ಹೆದರಿ ಹಿಂದೆ ಸರಿಯುತ್ತಿದ್ದ ಹೋರಿ ಆರು ಹಲ್ಲಿಗೆ ಬಂದಾಗ ಹಿಂದೆ ಸರಿಯುವುದಿಲ್ಲ. ಬಾಯಿಗೂಡಿದ ಮೇಲೆ ತಾನೇ ಮುಂದೆ ಬರುತ್ತದೆ. ಹೋರಿಯ ಏಟಿಗೆ ಸಿಕ್ಕುವವರು ಹೆಚ್ಚಾಗಿ ಹೊರಗಿನವರಲ್ಲ, ದಿನವೂ ಮೇವು ಹಾಕುವ ಮನೆಯವರೇ. "ನಮ್ಮ ಹೋರಿ ಹಾಂಗ ಮಾಡಂಗಿಲ್ಲ" ಎಂಬ ನಂಬಿಕೆಯಿಂದ ಅವರು ಬೆನ್ನು ತಿರುಗಿಸಿ ಗೋದಲಿಗೆ ಬಗ್ಗುತ್ತಾರೆ.

ಹೋರಿ ಹಾಯುವ ಮುನ್ನ ಸೂಚನೆ ಕೊಟ್ಟೇ ಕೊಡುತ್ತದೆ. ಮೊದಲ ಸೂಚನೆ ಎದುರಿನಿಂದ ಬರುವುದಿಲ್ಲ. ಹೋರಿ ಅಡ್ಡಲಾಗಿ ನಿಂತು, ಕುತ್ತಿಗೆ ಬಿಲ್ಲಿನಂತೆ ಬಾಗಿಸಿ, ಬೆನ್ನು ಉಬ್ಬಿಸಿ, ತನ್ನ ಇಡೀ ಪಕ್ಕವನ್ನು ತೋರಿಸುತ್ತದೆ. "ನಾನು ಎಷ್ಟು ದೊಡ್ಡವನು ನೋಡು" ಎಂದು ಹೇಳುವ ಭಂಗಿ ಅದು. ಬಹಳ ಜನ ಇದನ್ನು ಹೋರಿ ಸುಮ್ಮನೆ ನಿಂತಿದೆ ಎಂದು ಭಾವಿಸುತ್ತಾರೆ. ಅನಂತರ ಕಣ್ಣುಗುಡ್ಡೆ ಹೊರಬಂದಂತೆ ಕಾಣುವುದು, ಮುಂಗಾಲಿನಿಂದ ಮಣ್ಣು ಕೆದರುವುದು, ನೆಲಕ್ಕೆ ಕೊಂಬು ಉಜ್ಜುವುದು, ಗುಟುರು ಹಾಕುವುದು. ತಲೆ ತಗ್ಗಿ ಗದ್ದ ಒಳಕ್ಕೆ ಬಂತೆಂದರೆ ಸಮಯ ಮುಗಿಯಿತು. ಅಡ್ಡ ನಿಂತಾಗಲೇ ದೂರ ಸರಿಯಬೇಕು. ಓಡಬಾರದು, ಬೆನ್ನು ತೋರಿಸಬಾರದು. ಕಣ್ಣು ಹೋರಿಯ ಮೇಲಿಟ್ಟು ಹಿಂದಕ್ಕೆ, ಓರೆಯಾಗಿ ಸರಿದು ಬಾಗಿಲು ಸೇರಬೇಕು. ಮೇಲೆ ಬಿದ್ದೇ ಬಿಟ್ಟರೆ ಟವೆಲ್ಲನ್ನೋ ಕಂಬಳಿಯನ್ನೋ ಪಕ್ಕಕ್ಕೆ ಎಸೆದು ಅದರ ಗಮನ ತಪ್ಪಿಸುವುದು ಒಮ್ಮೊಮ್ಮೆ ಜೀವ ಉಳಿಸುತ್ತದೆ. ಬಣ್ಣ ಯಾವುದಾದರೂ ಸರಿ. ದನಕ್ಕೆ ಕೆಂಪು ಸರಿಯಾಗಿ ಕಾಣುವುದಿಲ್ಲ, ಅದನ್ನು ಕೆರಳಿಸುವುದು ಅಲುಗಾಟ.

ಕಟ್ಟುವ ಬಗೆ

ಬೀಜದ ಹೋರಿಯನ್ನು ಮನೆಯ ಬಾಗಿಲಿನ ಹತ್ತಿರ, ಮಕ್ಕಳು ಓಡಾಡುವ ದಾರಿಯಲ್ಲಿ ಕಟ್ಟಬಾರದು. ಬೇರೆ ದನಗಳು ಕಾಣುವಂತಹ, ಆದರೆ ಮುಟ್ಟಲಾಗದಂತಹ ಜಾಗ ಉತ್ತಮ. ಪೂರ್ತಿ ಒಂಟಿಯಾಗಿ ಕತ್ತಲಲ್ಲಿ ಕಟ್ಟಿದ ಹೋರಿ ಇನ್ನಷ್ಟು ಕೆಡುತ್ತದೆ. ಗೋದಲಿಗೆ ಹೊರಗಿನಿಂದಲೇ ಕಣಕಿ, ಹಿಂಡಿ ಹಾಕಲು, ನೀರು ಸುರಿಯಲು ಬರುವಂತೆ ಗೋಡೆಯಲ್ಲಿ ಕಿಂಡಿ ಬಿಡಿಸಿದರೆ ದಿನಕ್ಕೆ ಎರಡು ಸಲ ಒಳಗೆ ಹೋಗುವ ಅಪಾಯವೇ ತಪ್ಪುತ್ತದೆ. ಒಳಗೆ ಹೋಗಲೇಬೇಕಾದಾಗ ಇಬ್ಬರಿರಬೇಕು, ಮತ್ತು ತಪ್ಪಿಸಿಕೊಳ್ಳಲು ಮನುಷ್ಯ ನುಸುಳಬಹುದಾದ, ಹೋರಿ ನುಸುಳಲಾರದ ಸಂದು ಇರಬೇಕು. ಒಂದೂವರೆ ಅಡಿ ಅಂತರದಲ್ಲಿ ನೆಟ್ಟ ಎರಡು ಗಟ್ಟಿ ಕಂಬಗಳು ಸಾಕು. ಖರ್ಚು ಹೆಚ್ಚಿಲ್ಲ.

ಮೂಗುದಾಣದ ಬಗ್ಗೆ ಒಂದು ಎಚ್ಚರಿಕೆ. ಗೂಟಕ್ಕೆ ಕಟ್ಟುವುದು ಕೊರಳ ಕಣ್ಣಿಯಿಂದ, ಕೈಯಲ್ಲಿ ಹಿಡಿದು ನಡೆಸುವುದು ಮೂಗುದಾಣದಿಂದ. ಮೂಗುದಾಣವನ್ನೇ ಗೂಟಕ್ಕೆ ಕಟ್ಟಿದರೆ ಬೆದರಿ ಜಗ್ಗಿದಾಗ ಮೂಗು ಹರಿಯುತ್ತದೆ. ಮೂಗು ಹರಿದ ಹೋರಿಯನ್ನು ಮುಂದೆ ಹಿಡಿಯುವುದು ಕಷ್ಟ. ವಯಸ್ಸಾದ ಹೋರಿಯನ್ನು ಹೊರಗೆ ಒಯ್ಯುವಾಗ ಎರಡು ಹಗ್ಗ, ಎರಡೂ ಪಕ್ಕ ಇಬ್ಬರು ಎಂಬ ನಿಯಮವನ್ನು ಎಂದೂ ಸಡಿಲಿಸಬಾರದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು.

ಬೀಜ ಒಡೆಸುವ ವಯಸ್ಸು

ಹೊಲದ ಕೆಲಸಕ್ಕೆಂದೇ ಇರುವ ಹೋರಿಯ ಬೀಜವನ್ನು ನಮ್ಮಲ್ಲಿ ಬಹಳ ತಡವಾಗಿ ಒಡೆಸುವ ರೂಢಿಯಿದೆ. ಕುತ್ತಿಗೆ, ಹೆಗಲು ತುಂಬಿಕೊಳ್ಳಲಿ ಎಂಬುದು ಅದರ ಕಾರಣ, ಮತ್ತು ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನಾಲ್ಕು ವರ್ಷದವರೆಗೆ ಕಾದರೆ ಹೆಗಲಿನ ಜೊತೆಗೆ ಹಾಯುವ ಚಟವೂ ಬಲಿತಿರುತ್ತದೆ, ಬೀಜ ಹೋದರೂ ಚಟ ಹೋಗುವುದಿಲ್ಲ. ಒಂದೂವರೆಯಿಂದ ಎರಡು ವರ್ಷದೊಳಗೆ, ಎರಡು ಹಲ್ಲು ಬೀಳುವ ಮುನ್ನ, ಬರ್ಡಿಜೋ ಇಕ್ಕಳದಿಂದ ಪಶುವೈದ್ಯರ ಕೈಯಲ್ಲಿ ಮಾಡಿಸುವುದು ನಮ್ಮ ಅಭಿಪ್ರಾಯದಲ್ಲಿ ಸರಿಯಾದ ಮಧ್ಯಮಾರ್ಗ. ಕಲ್ಲು, ಕೋಲುಗಳಿಂದ ಜಜ್ಜಿಸುವುದನ್ನು ಪೂರ್ತಿ ಬಿಡಬೇಕು. ಆ ನೋವನ್ನು ಪ್ರಾಣಿ ಮರೆಯುವುದಿಲ್ಲ. ಬೀಜ ಒಡೆಸಿದ ಮರುದಿನವೇ ಎತ್ತು ಸಾಧುವಾಗುತ್ತದೆಂದು ನಿರೀಕ್ಷಿಸಬಾರದು. ಕೆಲವು ವಾರಗಳು ಬೇಕು. ಅಷ್ಟು ದಿನ ಆಕಳುಗಳಿಂದಲೂ ದೂರವಿಡಬೇಕು.

ಮುದಿ ಎತ್ತು ಹಾಯತೊಡಗಿದರೆ

ಹತ್ತು ವರ್ಷ ನೊಗ ಹೊತ್ತ ಎತ್ತಿಗೆ ಮಾತು, ದಾರಿ, ಜೊತೆಯ ಎತ್ತು ಎಲ್ಲವೂ ಗೊತ್ತು. ಬಾರಕೋಲು ಎತ್ತುವ ಅಗತ್ಯವಿಲ್ಲ. ಇಂತಹ ಎತ್ತು ಒಂದು ದಿನ ನೊಗ ಇಡಲು ಹೋದಾಗ ತಲೆ ಬೀಸುತ್ತದೆ, ಕೊಂಬು ಮುಟ್ಟಿದರೆ ಹಾಯುತ್ತದೆ, ಕಾಲು ಹಿಡಿದರೆ ಒದೆಯುತ್ತದೆ. ಮನೆಯ ಹುಡುಗರು ಅದಕ್ಕೆ ಕೊಬ್ಬು ಬಂದಿದೆಯೆಂದು ಹೊಡೆಯುತ್ತಾರೆ. ಹೊಡೆಯುವ ಮೊದಲು ಅದರ ಕೊಂಬು, ಹೆಗಲು, ಕಣ್ಣು, ಬಾಯಿ, ಗೊರಸುಗಳನ್ನು ಈ ಕ್ರಮದಲ್ಲಿ ನೋಡಬೇಕು.

ಕೊಂಬನ್ನು ಮೊದಲು ಹೇಳಲು ಕಾರಣವಿದೆ. ಕೊಂಬಿನ ಕ್ಯಾನ್ಸರ್ ನಮ್ಮ ದೇಶದ ಇಣಿಯುಳ್ಳ ದನಗಳಲ್ಲಿ, ಅದರಲ್ಲಿಯೂ 5ರಿಂದ 10 ವರ್ಷದ ಎತ್ತುಗಳಲ್ಲಿ ಹೆಚ್ಚಾಗಿ ಕಾಣುವ ರೋಗ. ಬೀಜದ ಹೋರಿಗಳಿಗಿಂತ ಎತ್ತುಗಳಲ್ಲಿಯೇ ಹೆಚ್ಚು. ಕೊಂಬಿನ ಹೊರಗೆ ಏನೂ ಕಾಣುವುದಿಲ್ಲ. ಒಳಗಿನ ಎಲುಬಿನ ಬುಡದಲ್ಲಿ ಗಡ್ಡೆ ಬೆಳೆಯುತ್ತಿರುತ್ತದೆ. ಬಲಿತ ದನದ ಕೊಂಬಿನೊಳಗಿನ ಎಲುಬು ಟೊಳ್ಳಾಗಿದ್ದು, ಆ ಟೊಳ್ಳು ಹಣೆಯ ಎಲುಬಿನ ಟೊಳ್ಳಿಗೆ ಕೂಡಿಕೊಂಡಿರುತ್ತದೆ. ಹಾಗಾಗಿ ಗಡ್ಡೆಯ ಕೀವು, ರಕ್ತ ಮೂಗಿನಲ್ಲಿ ಇಳಿಯುತ್ತವೆ. ಮೊದಲು ಎತ್ತು ಪದೇ ಪದೇ ತಲೆ ಕೊಡವುತ್ತದೆ, ಕೊಂಬನ್ನು ಗೂಟಕ್ಕೋ ಮರಕ್ಕೋ ಉಜ್ಜುತ್ತದೆ. ತಲೆಯನ್ನು ಒಂದೇ ಕಡೆಗೆ ವಾಲಿಸಿ ನಿಲ್ಲುತ್ತದೆ. ಆ ಪಕ್ಕದ ಮೂಗಿನ ಹೊಳ್ಳೆಯಿಂದ ತೆಳುವಾದ ರಕ್ತಮಿಶ್ರಿತ ಸಿಂಬಳ ಸುರಿಯುತ್ತದೆ. ಎರಡೂ ಕೊಂಬುಗಳನ್ನು ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟಿ ನೋಡಿದರೆ ಒಳ್ಳೆಯ ಕೊಂಬು ಟೊಳ್ಳು ದನಿ ಕೊಡುತ್ತದೆ, ರೋಗದ ಕೊಂಬು ಮಂದವಾಗಿ ಕೇಳಿಸುತ್ತದೆ. ಬುಡ ಬಿಸಿಯಾಗಿರುತ್ತದೆ. ಈ ಹಂತದಲ್ಲಿ ಪಶುವೈದ್ಯರು ಜಾಗವನ್ನು ಮರಗಟ್ಟಿಸಿ ಬುಡದಿಂದ ಕೊಂಬು ತೆಗೆದರೆ ಎತ್ತು ಉಳಿಯುವ ಸಾಧ್ಯತೆ ಚೆನ್ನಾಗಿದೆ. ತಡಮಾಡಿದರೆ ಕೊಂಬು ಸಡಿಲವಾಗಿ ಜೋಲು ಬಿದ್ದು, ಹೂಕೋಸಿನಂತಹ ಗಡ್ಡೆ ಹೊರಬಂದು, ಹುಳು ಬೀಳುತ್ತವೆ. ಒಂದು ಕೊಂಬಿನ ಎತ್ತು ಜೋಡಿಗೆ ಚೆಂದವಿಲ್ಲವೆಂದು ತಡಮಾಡುವುದುಂಟು. ಚೆಂದಕ್ಕಿಂತ ಎತ್ತು ದೊಡ್ಡದು.

ಕೊಂಬನ್ನು ಮತ್ತೆ ಮತ್ತೆ ಆಳವಾಗಿ ಹೆರೆಯುವುದು, ಬುಡಕ್ಕೆ ಹಗ್ಗ ಬಿಗಿದು ಸದಾ ಉಜ್ಜುವಂತೆ ಬಿಡುವುದು, ಬಣ್ಣ ಬಳಿಯುವುದು ಇವೂ ಈ ರೋಗಕ್ಕೆ ದಾರಿಮಾಡಬಹುದೆಂಬ ಸಂಶಯವಿದೆ. ಹೆರೆಯಲೇಬೇಕಿದ್ದರೆ ಮೇಲ್ಪದರ ಮಾತ್ರ ಹೆರೆಯಿಸಿರಿ. ತುದಿಗೆ ಹಿತ್ತಾಳೆಯ ಕೋಡಣಸು ಹಾಕುವ ಹಿರಿಯರ ಪದ್ಧತಿ ಅಲಂಕಾರಕ್ಕೂ ಆಯಿತು, ಚೂಪು ಮುಚ್ಚುವುದಕ್ಕೂ ಆಯಿತು.

ಉಳಿದ ನೋವುಗಳನ್ನು ಗುರುತಿಸುವುದು ಸುಲಭ. ಹೆಗಲ ಬಾವು, ಹುಣ್ಣು ಇದ್ದರೆ ನೊಗ ನೋಡಿದೊಡನೆ ಎತ್ತು ಹಿಂದೆ ಸರಿಯುತ್ತದೆ. ಬೆಳೆದ ಗೊರಸು, ಸವೆದ ನಾಲು, ಊದಿದ ಮಂಡಿ ಇದ್ದರೆ ಏಳುವಾಗ ಗೊತ್ತಾಗುತ್ತದೆ. ಹಲ್ಲು ಸವೆದಿದ್ದರೆ ಕಣಕಿಯನ್ನು ಅರೆಬರೆ ಅಗಿದು ಉಗುಳುತ್ತದೆ. ಅಂತಹದಕ್ಕೆ ಕಣಕಿಯನ್ನು ಸಣ್ಣಗೆ ಕತ್ತರಿಸಿ, ತೊಗರಿ ಹೊಟ್ಟನ್ನು ನೀರಿನಲ್ಲಿ ನೆನೆಸಿ ಕೊಡಬೇಕು. ಹಸಿವೂ ಸಿಟ್ಟಿಗೆ ಕಾರಣವೇ.

ಇವೆಲ್ಲಕ್ಕಿಂತ ಭಯಂಕರವಾದುದು ಹುಚ್ಚುನಾಯಿ ರೋಗ. ಸಾಧು ಎತ್ತು ಒಂದೆರಡು ದಿನದೊಳಗೆ ಕಂಡಕಂಡದ್ದನ್ನು ಹಾಯತೊಡಗಿ, ಒಡೆದ ದನಿಯಲ್ಲಿ ಒಂದೇ ಸಮನೆ ಕೂಗುತ್ತ, ಜೊಲ್ಲು ಸುರಿಸುತ್ತ, ನೀರು ಕುಡಿಯಲಾರದೆ ಒದ್ದಾಡುತ್ತಿದ್ದರೆ ಆ ರೋಗದ ಸಂಶಯ ಪಡಬೇಕು. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯಿಗೆ ಕೈಹಾಕಿ ನೋಡುವ ತಪ್ಪನ್ನು ಎಂದಿಗೂ ಮಾಡಬಾರದು. ಜೊಲ್ಲು ತಗುಲಿದವರು ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಪ್ರಾರಂಭಿಸಬೇಕು. ಮನುಷ್ಯನಲ್ಲಿ ರೋಗದ ಲಕ್ಷಣ ಕಂಡ ಮೇಲೆ ಚಿಕಿತ್ಸೆಯಿಲ್ಲ.

ಹಬ್ಬದ ದಿನ, ನಾಲು ಕಟ್ಟುವ ದಿನ

ಕಾರಹುಣ್ಣಿಮೆಯಂದು, ಗಡಿಯ ಊರುಗಳಲ್ಲಿ ಶ್ರಾವಣದ ಪೋಳಾ ದಿನ, ಎತ್ತುಗಳಿಗೆ ಸ್ನಾನ, ಬಣ್ಣ, ಗೊಂಡೆ, ಗೆಜ್ಜೆ, ಮೆರವಣಿಗೆ. ವರ್ಷವೆಲ್ಲ ಹೊಲದಲ್ಲಿ ಮೌನವಾಗಿದ್ದ ಪ್ರಾಣಿಯನ್ನು ಒಮ್ಮೆಲೆ ಹಲಗೆ, ಪಟಾಕಿ, ಜನಜಂಗುಳಿಯ ನಡುವೆ ನಿಲ್ಲಿಸುತ್ತೇವೆ. ದನದ ಕಿವಿ ನಮ್ಮದಕ್ಕಿಂತ ಸೂಕ್ಷ್ಮ. ಬೀಜದ ಹೋರಿಯನ್ನು ಮೆರವಣಿಗೆಯಿಂದ ದೂರವಿಟ್ಟು ಕೊಟ್ಟಿಗೆಯಲ್ಲೇ ಪೂಜೆ ಮಾಡಿದರೆ ದೇವರಿಗೇನೂ ಕೊರತೆಯಾಗದು. ಮುದಿ ಎತ್ತನ್ನು ಒಯ್ದರೆ ಅದರ ಜೊತೆಗಾರ ಎತ್ತಿನ ಪಕ್ಕದಲ್ಲಿಯೇ ನಡೆಸಬೇಕು.

ನಾಲು ಬಡಿಯಲು, ಗೊರಸು ಕತ್ತರಿಸಲು ಎತ್ತನ್ನು ಹಗ್ಗ ಹಾಕಿ ಕೆಡಹುತ್ತಾರೆ. ಕೆಡಹುವ ಮುನ್ನ ರಾತ್ರಿಯಿಂದ ಮೇವು ಕೊಡಬಾರದು. ಮೆತ್ತನೆಯ ಮಣ್ಣು ಅಥವಾ ಹೊಟ್ಟು ಹರಡಿದ ಜಾಗವಿರಬೇಕು. ಕೊಂಬು ನೆಲಕ್ಕೆ ಬಡಿಯದಂತೆ ಒಬ್ಬರು ತಲೆ ಹಿಡಿಯಬೇಕು. ಉದ್ದ ಕೊಂಬಿನ ಎತ್ತು ಬೀಳುವ ರಭಸಕ್ಕೆ ಕೊಂಬು ಬುಡದಲ್ಲಿ ಮುರಿದರೆ ಹಣೆಯ ಟೊಳ್ಳು ತೆರೆದುಕೊಂಡು ರಕ್ತ ನಿಲ್ಲಿಸುವುದೇ ಕಷ್ಟ. ಬಹಳ ಹೊತ್ತು ಪಕ್ಕಕ್ಕೆ ಮಲಗಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಮಂಡಿ ನೋವಿರುವ ಮುದಿ ಎತ್ತನ್ನು ಕೆಡಹದೆ ಪಶು ಆಸ್ಪತ್ರೆಯ ಟ್ರೆವಿಸ್ ಕಟಾಂಜನದಲ್ಲಿ ನಿಲ್ಲಿಸಿಯೇ ಕೆಲಸ ಮಾಡಿಸುವುದು ಮೇಲು.

ಕೊಂಬಿನ ಗಾಯವಾದರೆ

ಹೊಟ್ಟೆಗೆ, ತೊಡೆಗೆ ಕೊಂಬು ನಾಟಿದ ಗಾಯ ಹೊರಗೆ ಸಣ್ಣದಾಗಿ ಕಂಡರೂ ಒಳಗೆ ಆಳವಾಗಿರುತ್ತದೆ. ಅರಿಸಿನ, ಮಣ್ಣು, ಸುಣ್ಣ ಯಾವುದನ್ನೂ ತುಂಬಬಾರದು. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು, ಕುಡಿಯಲು ಏನನ್ನೂ ಕೊಡದೆ, 108 ವಾಹನ ಕರೆಸಿ ಆಸ್ಪತ್ರೆಗೆ ಒಯ್ಯಬೇಕು. ಕರುಳು ಹೊರಬಂದಿದ್ದರೆ ಒಳಗೆ ತಳ್ಳದೆ ಒದ್ದೆ ಬಟ್ಟೆ ಮುಚ್ಚಬೇಕು. ಧನುರ್ವಾಯುವಿನ ಚುಚ್ಚುಮದ್ದು ಕೇಳಿ ಹಾಕಿಸಿಕೊಳ್ಳಿರಿ.

ಕೊಟ್ಟಿಗೆಯಲ್ಲಿ ಉಳಿಯುವ ಮುದಿತನ

ಹಿಂದೆ 1964ರ ಕಾಯ್ದೆಯ ಪ್ರಕಾರ 12 ವರ್ಷ ಮೀರಿದ ಎತ್ತುಗಳಿಗೆ ಕಸಾಯಿಖಾನೆಯ ದಾರಿ ತೆರೆದಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಆ ದಾರಿಯನ್ನು ಮುಚ್ಚಿದೆ. ಇದರ ಸರಿತಪ್ಪುಗಳ ಚರ್ಚೆ ಈ ಲೇಖನದ ಕೆಲಸವಲ್ಲ. ರೈತರ ಮಟ್ಟಿಗೆ ಇದರ ಫಲವೆಂದರೆ ದುಡಿದ ಎತ್ತಿನ ಕೊನೆಯ ವರ್ಷಗಳ ಆರೈಕೆ ಈಗ ಅವರ ಹೆಗಲಿಗೇ ಬಂದಿದೆ. ಸಾಕಲಾಗದವರು ಗೋಶಾಲೆಯನ್ನು ವಿಚಾರಿಸಬೇಕೇ ಹೊರತು ಹೋರಿಯನ್ನಾಗಲಿ ಎತ್ತನ್ನಾಗಲಿ ಊರಿನ ಸಂತೆ, ಗಂಜಗಳಲ್ಲಿ ಬಿಟ್ಟು ಬರಬಾರದು. ಚೆಲ್ಲಿದ ಕಾಳನ್ನು ಒಮ್ಮೆಲೆ ತಿಂದು ಅಜೀರ್ಣದಿಂದ ಅದು ಸಾಯಬಹುದು. ಅದಕ್ಕಿಂತ ಮೊದಲು ಯಾರನ್ನಾದರೂ ಹಾಯಬಹುದು.

ಬೀದರಿನ ನಂದಿನಗರದಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯದ ಚಿಕಿತ್ಸಾಲಯದಲ್ಲಿ ಸಲಹೆ ಕೇಳಬಹುದು. ಪ್ರಾಣಿಯನ್ನು ಒಯ್ಯಲಾಗದಿದ್ದರೆ 1962ಕ್ಕೆ ದೂರವಾಣಿ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಿರಿ.

ಕೊನೆಯದಾಗಿ ಕಣ್ಣಿನ ವಿಷಯ. ದನದ ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ನೇರ ಹಿಂಭಾಗ ಮತ್ತು ಮೂತಿಯ ತೀರ ಮುಂದಿನ ಸ್ವಲ್ಪ ಜಾಗ ಬಿಟ್ಟು ಸುತ್ತಲೂ ಅದಕ್ಕೆ ಕಾಣುತ್ತದೆ. ಮುದಿ ಎತ್ತಿಗೆ ಒಂದು ಕಣ್ಣಿನಲ್ಲಿ ಪೊರೆ ಬಂದರೆ ಆ ಇಡೀ ಪಕ್ಕ ಕತ್ತಲಾಗುತ್ತದೆ, ಆ ಕಡೆಯಿಂದ ಯಾರು ಮುಟ್ಟಿದರೂ ಬೆಚ್ಚಿ ತಲೆ ಬೀಸುತ್ತದೆ. ಅಂತಹ ಎತ್ತನ್ನು ಕುರುಡು ಪಕ್ಕ ಗೋಡೆಗೆ ಬರುವಂತೆ ಕಟ್ಟಿರಿ. ಕತ್ತಲಲ್ಲಿ ಮೇವು ಹಾಕಲು ಹೋಗುವಾಗ ಬಾಗಿಲಲ್ಲಿಯೇ ನಿಂತು ಅದರ ಹೆಸರು ಹಿಡಿದು ಕರೆಯಿರಿ. ಅದು ಕಿವಿ ತಿರುಗಿಸಿದ ಮೇಲೆ ಒಳಗೆ ಹೋಗಿರಿ.